ಒರೆಸುವ ಮುನ್ನ ಆ ಬೋಲ್ಟನ್ನೊಮ್ಮೆ ನೋಡಿ

ಇಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಕಂಡದ್ದನ್ನು ಬರೆಯದೆ ನನಗೆ ಸಮಾಧಾನವಾಗುತ್ತಿಲ್ಲ. ಲಾರಿಯ ಹಿಂದಿನ ಹೌಸಿಂಗಿನ, ಅಂದರೆ ಹಿಂಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿಗಳಿರುವ ಪೆಟ್ಟಿಗೆಯ, ಎಣ್ಣೆ ಬದಲಿಸಲು ಕೊಟ್ಟಿದ್ದೆ. ಕೆಲಸದ ಹುಡುಗ ಅಡಿಯ ಡ್ರೈನ್ ಬೋಲ್ಟು ಬಿಚ್ಚಿದವನೇ ಅದರ ತುದಿಯ ಮ್ಯಾಗ್ನೆಟ್ಟಿಗೆ ಅಂಟಿದ್ದ ಕಪ್ಪು ಗಸಿಯನ್ನು ಬನಿಯನ್ ವೇಸ್ಟಿನಿಂದ ಒರೆಸಿಬಿಟ್ಟ. "ತಡಿಯಪ್ಪಾ, ತೋರಿಸು" ಎಂದು ನಾನು ಹೇಳುವಷ್ಟರಲ್ಲಿ ಬಟ್ಟೆ ಕಸದ ಡಬ್ಬಕ್ಕೆ ಬಿದ್ದಿತ್ತು. ಅದನ್ನು ಹೆಕ್ಕಿ ತೆಗೆದು ಬಿಸಿಲಿಗೆ ಹಿಡಿದಾಗ, ಗಸಿಯ ನಡುವೆ ಅಕ್ಕಿಕಾಳಿನಷ್ಟು ದೊಡ್ಡ, ತೆಳ್ಳಗೆ ಹೊಳೆಯುವ ಎರಡು ಚಕ್ಕೆಗಳಿದ್ದವು.

"ಹಲ್ಲಿಗೆ ಹಲ್ಲು ಉಜ್ಜಿದರೆ ಪುಡಿ ಬರದೇ ಇರುತ್ತದೆಯೇ ಅಣ್ಣಾ?" ಎಂದರು ಮೇಸ್ತ್ರಿ. ಪುಡಿಯ ಮಟ್ಟಿಗೆ ಆ ಮಾತು ನಿಜ. ಬೆರಳಿಗೆ ತಿಕ್ಕಿದರೆ ಕಾಡಿಗೆಯಂತೆ ನುಣ್ಣಗೆ ಹರಡುವ ಬೂದುಬಣ್ಣದ ಗಸಿ ಯಾವ ಲಾರಿಯಲ್ಲಾದರೂ ಬರುತ್ತದೆ. ಹೊಸ ಕ್ರೌನ್ ಪಿನಿಯನ್ (ಒಳಗಿನ ದೊಡ್ಡ ಮತ್ತು ಚಿಕ್ಕ ಹಲ್ಲುಗಾಲಿಗಳ ಜೋಡಿ) ಹಾಕಿದ ಮೇಲಿನ ಮೊದಲ ಎಣ್ಣೆಯಲ್ಲಂತೂ ಹೆಚ್ಚೇ ಇರುತ್ತದೆ. ಆದರೆ ಚಕ್ಕೆ ಪುಡಿಯಲ್ಲ. ಅದು ಬೇರಿಂಗಿನ ಮೈಯಿಂದಲೋ ಹಲ್ಲಿನ ಮೈಯಿಂದಲೋ ಎದ್ದು ಬಂದ ಸಿಪ್ಪೆ, ಮತ್ತು ಅದೇ ಸಿಪ್ಪೆ ಎಣ್ಣೆಯೊಡನೆ ಸುತ್ತಿ ಸುತ್ತಿ ಉಳಿದ ಬೇರಿಂಗುಗಳನ್ನೂ ತಿನ್ನುತ್ತದೆ. ಇವೆರಡನ್ನೂ ಒಂದೇ ಎನ್ನುವವರ ಕೈಗೆ ನಾವು ಗಾಡಿ ಒಪ್ಪಿಸುತ್ತಿದ್ದೇವಲ್ಲ ಎಂಬುದೇ ನನ್ನ ಸಂಕಟ.

ಮ್ಯಾಗ್ನೆಟ್ಟು ಹಿಡಿಯುವುದು ಕಬ್ಬಿಣವನ್ನು ಮಾತ್ರ. ಒಳಗಿನ ಥ್ರಸ್ಟ್ ವಾಷರುಗಳು (ಹಲ್ಲುಗಾಲಿಗಳ ಹಿಂದೆ ಕೂರುವ ತೆಳು ಬಿಲ್ಲೆಗಳು) ಹಿತ್ತಾಳೆ ಅಥವಾ ಕಂಚಿನವಾಗಿದ್ದರೆ ಅವುಗಳ ಸವಕಳಿ ಎಣ್ಣೆಯಲ್ಲೇ ಹೊನ್ನಿನ ಬಣ್ಣದಲ್ಲಿ ಮಿನುಗುತ್ತಿರುತ್ತದೆ. ಆದ್ದರಿಂದ ಗಾಡಿ ಓಡಿ ಬಂದು ಎಣ್ಣೆ ಬಿಸಿಯಿರುವಾಗಲೇ, ಸವಕಳಿ ತಳದಲ್ಲಿ ಕೂರುವ ಮೊದಲೇ, ಅಗಲ ಬಾಣಲೆಗೆ ಇಳಿಸಿ ತೆಳು ಬಟ್ಟೆಯಲ್ಲಿ ಸೋಸಿ ನೋಡಬೇಕು. ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಹೌಸಿಂಗಿನ ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ, ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಆಯಿಲ್ ಸೀಲ್ ಸೋರತೊಡಗುತ್ತದೆ; ನಾವು ಸೀಲಿನ ಮೇಲೆ ಸೀಲು ಬದಲಿಸುತ್ತೇವೆಯೇ ಹೊರತು ಆ ಬ್ರೀದರನ್ನು ಕೈಯಿಂದ ಮುಟ್ಟುವುದಿಲ್ಲ.

ನನ್ನ ಈ ಕೋಪದ ಹಿಂದೆ ನನ್ನದೇ ತಪ್ಪೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಡ್ರೈವರ್, "ಕ್ರೌನ್ ಕೂಗ್ತಾ ಇದೆ ಸಾಹುಕಾರ್ರೇ, ಒಮ್ಮೆ ಎಣ್ಣೆ ಇಳಿಸಿ ನೋಡೋಣ" ಎಂದು ಎರಡು ಸಲ ಹೇಳಿದರೂ ನಾನು ಇನ್ನೊಂದು ಲೋಡು ಮುಗಿಯಲಿ ಎಂದಿದ್ದೆ. ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ, ಗುಂಡ್ಯ ದಾಟಿದ ಮೇಲಿನ ಏರಿನಲ್ಲಿ ಕ್ರೌನಿನ ಹಲ್ಲುಗಳು ಮುರಿದವು. ಸುರಿಯುವ ಮಳೆಯಲ್ಲಿ, ತಿರುವಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ಆತ ಇಡೀ ರಾತ್ರಿ ಗಾಡಿ ಕಾದ. ಹಿಂದಿನಿಂದ ಬಸ್ಸೊಂದು ಬಂದು ಗುದ್ದಿದ್ದರೆ ನಾನು ಅವನ ಮನೆಯವರಿಗೆ ಏನು ಹೇಳಬೇಕಿತ್ತು?

ಹೊತ್ತು ಎಲ್ಲಿದೆ, ದಿನಕ್ಕೆ ಐದಾರು ಗಾಡಿ ಬರುತ್ತವೆ ಎನ್ನುತ್ತಾರೆ ಗ್ಯಾರೇಜಿನವರು. ಬೋಲ್ಟನ್ನು ಬೆಳಕಿಗೆ ಹಿಡಿದು ಬೆರಳಿನಿಂದ ತಿಕ್ಕಿ ನೋಡಲು ಒಂದು ನಿಮಿಷ ಬೇಡ. ಹೊಸ ಎಣ್ಣೆ ಎಷ್ಟೇ ಒಳ್ಳೆಯ 85ಡಬ್ಲ್ಯೂ-140 ದರ್ಜೆಯ ಗಿಯರ್ ಎಣ್ಣೆಯಾಗಿರಲಿ, ಎದ್ದುಹೋದ ಸಿಪ್ಪೆಯನ್ನು ಅದು ಮತ್ತೆ ಅಂಟಿಸುವುದಿಲ್ಲ.

ಆ ಎರಡು ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿ ಮೇಸ್ತ್ರಿಯ ಮೇಜಿನ ಮೇಲಿಟ್ಟು ಬಂದಿದ್ದೇನೆ. ನಾಳೆ ಆಕ್ಸಲ್ ಶಾಫ್ಟ್ ಎಳೆದು ಕ್ರೌನ್ ಕೆಳಗಿಳಿಸಿ ಪಿನಿಯನ್ ಬೇರಿಂಗ್ ನೋಡುತ್ತೇವೆ. ಅಲ್ಲಿಯವರೆಗೆ ಲಾರಿ ಲೋಡಿಗೆ ಹೋಗುವುದಿಲ್ಲ.