ಮೂರೇ ದಿನಕ್ಕೆ ಹುರುಳಿಯನ್ನು ಬೈಯಬೇಡಿ

ನಮ್ಮ ಕಚೇರಿಯಲ್ಲಿ ಈಗ ಸಿರಿಧಾನ್ಯದ ಗಾಳಿ ಬೀಸುತ್ತಿದೆ. ಜೊತೆಗೆ ಬೇರೆ ಗಾಳಿಯೂ. ಇಪ್ಪತ್ತು ವರ್ಷ ಬಿಳಿ ಅನ್ನ, ಬ್ರೆಡ್ಡು ತಿಂದ ಹೊಟ್ಟೆಗೆ ಸೋಮವಾರದಿಂದ ದಿಢೀರನೆ ನವಣೆ, ಹುರುಳಿ, ಮೊಳಕೆಕಾಳು. ಬುಧವಾರದ ಹೊತ್ತಿಗೆ ತೀರ್ಪು ಸಿದ್ಧ: 'ನನಗೆ ಇದು ಆಗಿಬರುವುದಿಲ್ಲ.'

ನಾನೂ ಈ ತೀರ್ಪು ಕೊಟ್ಟವನೇ. ಹಾಸನದ ಕಡೆ ಮುದ್ದೆ, ಹುರುಳಿ ಬಸ್ಸಾರಿನಲ್ಲೇ ಬೆಳೆದವನು. ಬೆಂಗಳೂರು ಸೇರಿ ಹದಿನೆಂಟು ವರ್ಷವಾದ ಮೇಲೆ ವಾರದ ಮಟ್ಟಿಗೆ ಊರಿಗೆ ಹೋದೆ. ಅತ್ತಿಗೆ ಬಡಿಸಿದ ಎರಡು ಮುದ್ದೆ, ಬಟ್ಟಲು ತುಂಬ ಕಾಳು ನುಂಗಿದೆ. ರಾತ್ರಿಯಿಡೀ ಹೊಟ್ಟೆ ಗುಡುಗುಡು. ಬೆಳಿಗ್ಗೆ ಅಮ್ಮ, 'ಹುಟ್ಟಿದ ಮನೆಯ ಊಟವೇ ಒಗ್ಗದ ಹಾಗಾಯಿತೇನೋ ನಿನಗೆ?' ಎಂದು ನಕ್ಕರು.

ಕಾಳುಗಳಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಇದ್ದ ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಹುಳಿಯುತ್ತವೆ. ಗಾಳಿ ಹುಟ್ಟುವುದು ಅಲ್ಲಿಯೇ. ಆದರೆ ನಾವು ತಿನ್ನುವುದು ಬದಲಾದಂತೆ ಆ ಜೀವಿಗಳ ಸಂಸಾರವೂ ಬದಲಾಗುತ್ತದೆ. ಅಮೆರಿಕದಲ್ಲಿ ಕೆಲವರಿಗೆ ದಿನಕ್ಕೆ ಅರ್ಧ ಕಪ್ ಕಾಳು ಕೊಟ್ಟು ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮೊದಲ ವಾರದಲ್ಲೂ ಗಾಳಿ ಹೆಚ್ಚಾಯಿತೆಂದವರು ಅರ್ಧಕ್ಕಿಂತ ಕಡಿಮೆ. ಅಲಸಂದೆ ತಿಂದವರಲ್ಲಂತೂ ಐವರಲ್ಲಿ ಒಬ್ಬರು. ಅವರಲ್ಲೂ ಹೆಚ್ಚಿನವರಿಗೆ ಎರಡು-ಮೂರು ವಾರದಲ್ಲಿ ತಹಬಂದಿಗೆ ಬಂತು. ನಮ್ಮವರು ಕೈಬಿಡುವುದು ಮೂರನೆಯ ದಿನಕ್ಕೆ!

ಎಲ್ಲವೂ ಹೀಗೆ ಒಗ್ಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಲು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾದವರಿಗೆ ದಿನಾ ಹಾಲು ಕುಡಿದರೂ ಅದು ಮರಳಿ ಹೆಚ್ಚುವುದಿಲ್ಲ. 'ಕುಡಿದು ಕುಡಿದು ಅಭ್ಯಾಸ ಮಾಡಿಕೋ' ಎಂದು ಲೋಟ ಹಿಡಿಸುವ ಹಿರಿಯರಿಗೆ ಇದನ್ನು ಹೇಳಿ ಗೆದ್ದವರಿಲ್ಲ, ಬಿಡಿ. ಅಂಥವರಲ್ಲಿ ಬಹಳ ಮಂದಿಗೆ ಮೊಸರು ಒಪ್ಪುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಕೆಲಸವನ್ನು ಮೊಸರಿನ ಬ್ಯಾಕ್ಟೀರಿಯಾಗಳೇ ಅಷ್ಟಿಷ್ಟು ಮಾಡಿಕೊಡುತ್ತವೆ.

ಮರುದಿನದಿಂದ ಅತ್ತಿಗೆ ನನಗೆ ಅರ್ಧ ಮುದ್ದೆ, ಒಂದು ಸೌಟು ಕಾಳು ಎಂದು ಲೆಕ್ಕ ಹಾಕಿದರು. ಹುರುಳಿ ನೆನೆಸಿದ ನೀರನ್ನು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಬೇಯಿಸಿದರು. ನೆನೆಸಿದಾಗ, ಮೊಳಕೆ ಒಡೆದಾಗ ಆ ಸಕ್ಕರೆಗಳು ಕಡಿಮೆಯಾಗುತ್ತವೆ ಎಂದು ನಾನು ಓದಿ ತಿಳಿದದ್ದು ಆಮೇಲೆ. ಈಗ ನನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲೂ ಪ್ರತಿ ಶನಿವಾರ ಒಂದು ಒದ್ದೆ ಗಂಟು ತೂಗುತ್ತಿರುತ್ತದೆ. ಒಂದು ಮುದ್ದೆ ನಿರಾತಂಕವಾಗಿ ಇಳಿಯುತ್ತದೆ. ಎರಡನೆಯದಕ್ಕೆ ಇನ್ನೂ ಕೈ ಹಾಕಿಲ್ಲ.