ಶಿವನ ಗುಡಿಗೊಂದು ಹದ್ದುಬಸ್ತು

ಬ್ಯಾಂಕಾಕಿನಿಂದ ಕಾಂಬೋಡಿಯದ ಅಂಕೋರ್ ವಾಟ್ ದೇವಾಲಯಕ್ಕೆ ನೆಲದ ಮೇಲೆಯೇ ಹೋಗಿಬರುವ ಯೋಜನೆಯೊಂದನ್ನು ನಮ್ಮ ಭಾವನವರು ಬೆಂಗಳೂರಿನ ತಮ್ಮ ಮನೆಯ ಹಜಾರದಲ್ಲಿ ಕುಳಿತು ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟಿದ್ದರು. ಮುಂಜಾನೆ ಬ್ಯಾಂಕಾಕಿನಲ್ಲಿ ಮೂರನೆಯ ದರ್ಜೆಯ ರೈಲು ಹತ್ತುವುದು, 50 ಬಾತ್ ಕೂಡ ಆಗದ ಟಿಕೆಟ್ಟಿನಲ್ಲಿ ಅರಣ್ಯಪ್ರಥೇಟ್ ಎಂಬ ಗಡಿಯ ಊರು ತಲುಪುವುದು (ಹೆಸರು ನಮ್ಮ ‘ಅರಣ್ಯ ಪ್ರದೇಶ’ವೇ ಆದ್ದರಿಂದ ಭಾಷೆಯ ತೊಂದರೆ ಬಾರದು ಎಂಬುದು ಅವರ ನಂಬಿಕೆ), ಅಲ್ಲಿಂದ ನಡೆದೇ ಗಡಿ ದಾಟಿ ಪೊಯಿಪೆಟ್‌ನಲ್ಲಿ ಕಾರು ಹಿಡಿದರೆ ಸುಮಾರು 150 ಕಿಲೋಮೀಟರಿಗೆ ಅಂಕೋರ್ ವಾಟ್‌ನ ಪಕ್ಕದ ಊರಾದ ಸಿಯೆಮ್ ರೀಪ್. ಧರ್ಮಸ್ಥಳಕ್ಕೆ ಹೋಗಿಬಂದಷ್ಟೇ ಸಲೀಸು ಎಂದಿದ್ದರು. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಆ ಬಾಗಿಲನ್ನು ಪ್ರವಾಸಿಗರ ಮುಖದ ಮೇಲೆಯೇ ಮುಚ್ಚಿತು.

ಥಾಯ್ಲೆಂಡಿಗೂ ಕಾಂಬೋಡಿಯಕ್ಕೂ ಜಗಳ ಏತಕ್ಕೆಂದರೆ, ದೇವಸ್ಥಾನಕ್ಕೆ. ಇಬ್ಬರ ಗಡಿಯ ಡಾಂಗ್ರೆಕ್ ಬೆಟ್ಟಸಾಲಿನ ಅಂಚಿನಲ್ಲಿ ಕಾಂಬೋಡಿಯದ ಹಿಂದಿನ ಖ್ಮೇರ್ ಅರಸರು ಕಟ್ಟಿಸಿದ ಪ್ರೇಹ್ ವಿಹಾರ್ ಎಂಬ ಶಿವಾಲಯವೂ ಅದೇ ಸಾಲಿನ ಬೇರೆ ಕೆಲವು ಗುಡಿಗಳೂ ಯಾರ ಸರ್ವೆ ನಂಬರಿಗೆ ಸೇರಿದವು ಎಂಬ ತಕರಾರು ಅದು. ತಾಲ್ಲೂಕು ಕಚೇರಿಯಲ್ಲಿ ಚಪ್ಪಲಿ ಸವೆಸಿದ ಯಾವ ಕನ್ನಡಿಗನಿಗೂ ಈ ಕಥೆ ಹೊಸದೆನಿಸಲಾರದು. ಮಳೆಯ ನೀರು ಇಬ್ಭಾಗವಾಗಿ ಹರಿಯುವ ಬೆಟ್ಟದ ನೆತ್ತಿಯೇ ಗಡಿ ಎಂದು 1904ರಲ್ಲಿ ಸಯಾಮ್ (ಇಂದಿನ ಥಾಯ್ಲೆಂಡ್) ಮತ್ತು ಕಾಂಬೋಡಿಯವನ್ನು ಆಗ ಆಳುತ್ತಿದ್ದ ಫ್ರಾನ್ಸ್ ಒಪ್ಪಂದ ಮಾಡಿಕೊಂಡವು. ಆದರೆ ನಕ್ಷೆ ಬರೆದುಕೊಡುವ ಕೆಲಸವನ್ನು ಸಯಾಮ್ ಸರ್ಕಾರವು ಫ್ರೆಂಚ್ ಅಧಿಕಾರಿಗಳಿಗೇ ವಹಿಸಿತು. ಒತ್ತಿನ ಜಮೀನಿನವನ ಕೈಗೇ ಸರಪಳಿ ಕೊಟ್ಟು ನಮ್ಮ ಹೊಲವನ್ನು ಅಳೆಯಿಸಿಕೊಂಡಂತೆ. ಅವರು ನೀರಿನ ಹರಿವನ್ನು ಅಷ್ಟಾಗಿ ಲೆಕ್ಕಿಸದೆ ಗುಡಿಯನ್ನು ಕಾಂಬೋಡಿಯದ ಮಗ್ಗುಲಿಗೆ ಸೇರಿಸಿ ಗೆರೆ ಎಳೆದರು. 1908ರಲ್ಲಿ ಆ ನಕ್ಷೆಗಳು ಕೈಸೇರಿದಾಗ ಸಯಾಮಿನ ರಾಜಕುಮಾರ ದಾಮ್ರೋಂಗ್ ಅವರು ಫ್ರೆಂಚರಿಗೆ ವಂದನೆ ತಿಳಿಸಿ, ಪ್ರಾಂತಗಳ ಅಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿಗಳು ಬೇಕೆಂದು ಕೇಳಿಕೊಂಡರು. ಅದೇ ರಾಜಕುಮಾರರು 1930ರಲ್ಲಿ ಗುಡಿ ನೋಡಲು ಹೋದಾಗ, ಫ್ರೆಂಚ್ ಧ್ವಜದ ಕೆಳಗೆ ಪದಕಗಳ ಸಮೇತ ಪೂರ್ಣ ಸಮವಸ್ತ್ರ ಧರಿಸಿ ನಿಂತ ಫ್ರೆಂಚ್ ಅಧಿಕಾರಿಯೇ ಅವರನ್ನು ಮನೆಯ ಯಜಮಾನನಂತೆ ಬರಮಾಡಿಕೊಂಡ. ಇವರು ಚಕಾರವೆತ್ತಲಿಲ್ಲ, ಊರಿಗೆ ಮರಳಿದ ಮೇಲೆ ಅಂದು ತೆಗೆದ ಛಾಯಾಚಿತ್ರಗಳನ್ನೂ ಆತನಿಗೆ ಕಳುಹಿಸಿಕೊಟ್ಟರು. 1962ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು ಇವನ್ನೆಲ್ಲ ಎಣಿಸಿ ನೋಡಿ, 9-3ರ ಬಹುಮತದಿಂದ ಗುಡಿಯನ್ನು ಕಾಂಬೋಡಿಯದ ಖಾತೆಗೆ ಬರೆಯಿತು. ಪ್ರತಿ ಕೇಳುವ ಮೊದಲು ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು ಎಂಬುದನ್ನು ನಮ್ಮೂರಿನ ಯಾವ ಶಾನುಭೋಗರೂ ಹೇಳಿಕೊಡುತ್ತಿದ್ದರು.

ತೀರ್ಪು ಬಂದಾಗ ಗುಡಿಯಲ್ಲಿ ಬೀಡುಬಿಟ್ಟಿದ್ದ ಥಾಯ್ ಸೈನಿಕರು ಧ್ವಜವನ್ನು ಇಳಿಸದೆ, ಹಾರುತ್ತಿದ್ದ ಧ್ವಜದ ಸಮೇತ ಕಂಬವನ್ನೇ ಕಿತ್ತು ಪಕ್ಕದ ಬಂಡೆಯಂಚಿಗೆ ಹೊತ್ತೊಯ್ದು ನೆಟ್ಟರು. ಸೋಲನ್ನು ಇಷ್ಟು ಅಂದವಾಗಿ ಸ್ಥಳಾಂತರಿಸಿದ ಇನ್ನೊಂದು ಸೇನೆ ನನಗೆ ಗೊತ್ತಿಲ್ಲ. ಆ ಗುಡಿಯ ಮೆಟ್ಟಿಲುಗಳೋ ಉತ್ತರಕ್ಕೆ, ಅಂದರೆ ಥಾಯ್ಲೆಂಡಿನ ಕಡೆಗೆ ಇಳಿಯುತ್ತವೆ. ಕಾಂಬೋಡಿಯದ ಕಡೆಗಿರುವುದು ಪ್ರಪಾತ. ಗರ್ಭಗುಡಿ ಒಬ್ಬರದು, ಮೆಟ್ಟಿಲು ಹತ್ತುವ ದಿಕ್ಕು ಇನ್ನೊಬ್ಬರದು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದ ಮೇಲಂತೂ ಎರಡೂ ಸೇನೆಗಳಿಗೆ ಅದರ ಮೇಲೆ ಇದ್ದಕ್ಕಿದ್ದಂತೆ ಅಪಾರ ಭಕ್ತಿ ಉಕ್ಕಿತು. ಅಲ್ಲಿಂದ 2011ರವರೆಗೆ ಗುಂಡಿನಿಂದಲೇ ಪೂಜೆ ನಡೆಯಿತು.

ಈ ಬಾರಿಯ ಸರದಿ ಅದೇ ಗಡಿಯ ತಾ ಮುಯೆನ್ ಥೋಮ್ ಗುಡಿಯದು. ನೆಲದ ಬಂಡೆಯೇ ಲಿಂಗವಾಗಿರುವ, ನಮ್ಮವರ ಮಾತಿನಲ್ಲಿ ಸ್ವಯಂಭೂ ಎನ್ನಬಹುದಾದ ಶಿವ ಅಲ್ಲಿದ್ದಾನೆ. 2025ರ ಫೆಬ್ರುವರಿಯಲ್ಲಿ ಕಾಂಬೋಡಿಯದ ಸೈನಿಕರೂ ಅವರ ಮನೆಯವರೂ ಆ ಗುಡಿಯಲ್ಲಿ ನಿಂತು ತಮ್ಮ ರಾಷ್ಟ್ರಗೀತೆ ಹಾಡಿದರು, ಥಾಯ್ ಸೈನಿಕರು ತಡೆದರು. ಶತಮಾನಗಳ ಕಾಲ ರುದ್ರ ಚಮಕಗಳಿಲ್ಲದೆ ತಾಳಿಕೊಂಡಿದ್ದ ದೇವರಿಗೆ ಕೊನೆಗೂ ಒಂದು ಸ್ತೋತ್ರ ಸಿಕ್ಕಿತು ಎಂದು ಸಂತೋಷಪಡುವಷ್ಟರಲ್ಲಿ ಜುಲೈ 24ರಂದು ಆ ಗುಡಿಯ ಬಳಿಯೇ ಗುಂಡು ಹಾರಿತು. ನಡುವೆ ಥಾಯ್ಲೆಂಡಿನ ಪ್ರಧಾನಿ ಪೆಟೊಂಗ್‌ಟಾರ್ನ್ ಶಿನವಾತ್ರ ಅವರು ಕಾಂಬೋಡಿಯದ ಹಿರಿಯ ನಾಯಕ ಹುನ್ ಸೆನ್ ಅವರಿಗೆ ಫೋನ್ ಮಾಡಿ, ‘ಅಂಕಲ್’ ಎಂದು ಕರೆದು, ತಮ್ಮದೇ ಸೇನಾಧಿಕಾರಿಯೊಬ್ಬರನ್ನು ದೂರಿದ್ದು ಬಯಲಾಗಿ, ಆಗಸ್ಟ್‌ನಲ್ಲಿ ಪದವಿ ಕಳೆದುಕೊಂಡರು. ಬೆಂಗಳೂರಿನ ಆಟೋ ಚಾಲಕರನ್ನು ಅಂಕಲ್ ಎಂದರೆ ಹೆಚ್ಚೆಂದರೆ ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಹೋಗುತ್ತದೆ.

ಅದೇ ಜುಲೈನಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಕದನವಿರಾಮವಾಯಿತು. ಅಕ್ಟೋಬರಿನಲ್ಲಿ ಕೌಲಾಲಂಪುರದಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರ ಕಣ್ಣೆದುರಿಗೇ ಶಾಂತಿಯ ಪತ್ರಕ್ಕೆ ಸಹಿಗಳಾದವು. ಅಷ್ಟರೊಳಗೆ ಕಾಂಬೋಡಿಯ ಅವರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರಿಸಿಯೂ ಆಗಿತ್ತು. ಡಿಸೆಂಬರಿನಲ್ಲಿ ಮತ್ತೆ ಯುದ್ಧ ನಡೆದು, 27ರಂದು ಮತ್ತೆ ಶಾಂತಿ ಬಂದಿತು. ಅದಕ್ಕೆ ಕೆಲವೇ ದಿನ ಮೊದಲು ಥಾಯ್ ಸೇನೆಯ ಯಂತ್ರವೊಂದು, ಗಡಿಯಲ್ಲಿ 2014ರಲ್ಲಿ ನಿಲ್ಲಿಸಿದ್ದ ವಿಷ್ಣುವಿನ ವಿಗ್ರಹವನ್ನು ಕೆಡವಿತು. ಭಾರತದ ವಿದೇಶಾಂಗ ಸಚಿವಾಲಯ ಕಳವಳ ಸೂಚಿಸಿದಾಗ, ಅದು ನೋಂದಾಯಿತ ಧಾರ್ಮಿಕ ಸ್ಥಳವಲ್ಲ ಎಂಬ ಸಮಜಾಯಿಷಿ ಬಂದಿತು. ಶೇಷಶಾಯಿಯ ಬಳಿಯೂ ಪಹಣಿ ಇರಲಿಲ್ಲ.

ಇಲ್ಲಿಗೆ ಬಂದಾಗ ನನ್ನ ನಗೆ ನಿಲ್ಲುತ್ತದೆ. ಜುಲೈನ ಕದನದ ಮೊದಲ ದಿನವೇ ಥಾಯ್ಲೆಂಡಿನ ಸಿಸಾಕೆಟ್ ಪ್ರಾಂತದಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯೊಂದಕ್ಕೆ ರಾಕೆಟ್ ಬಿದ್ದು ಸತ್ತವರಲ್ಲಿ ಮಕ್ಕಳಿದ್ದರು. ಅತ್ತ ಕಾಂಬೋಡಿಯದ ಹಳ್ಳಿಗಳ ಮೇಲೆ ಯುದ್ಧವಿಮಾನಗಳು ಹಾರಿದವು. ಆ ಐದು ದಿನಗಳಲ್ಲಿ ಎರಡೂ ಕಡೆ ಸೇರಿ ಮೂರು ಲಕ್ಷ ಜನ ಮನೆ ಬಿಟ್ಟು ಓಡಿದರು. ಗಾಡಿ ತಳ್ಳಿ, ಮೂಟೆ ಹೊತ್ತು ದಿನಕ್ಕೆರಡು ಬಾರಿ ಆ ಗಡಿ ದಾಟಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಪುರಾತನ ದೇವಾಲಯ ಯಾರದಾದರೇನು? ಇಬ್ಬರೂ ಬೌದ್ಧರು, ಇಬ್ಬರ ಅರಮನೆಗಳಲ್ಲೂ ರಾಮಾಯಣ, ಇಬ್ಬರೂ ಶಿವನನ್ನು ಮುಖ್ಯ ದೇವರಾಗಿ ಪೂಜಿಸುವುದು ಬಿಟ್ಟು ಶತಮಾನಗಳಾದವು. ಬೆಳಗಾವಿಯ ಹೆಸರಿನಲ್ಲಿ ಬಡ ಕಂಡಕ್ಟರರಿಗೆ ಹೊಡೆಯುವುದನ್ನೂ ಬಸ್ಸಿಗೆ ಮಸಿ ಬಳಿಯುವುದನ್ನೂ ಕಂಡ ನಾನು ಬೇರೆಯವರನ್ನು ಆಡಿಕೊಳ್ಳುವ ಯೋಗ್ಯತೆ ಇಟ್ಟುಕೊಂಡಿಲ್ಲ. ಬೇಸರಪಡುವುದಕ್ಕೆ ಯೋಗ್ಯತೆ ಬೇಕಿಲ್ಲ.

ಭಾವನವರ ಡೈರಿಗೆ ಬರೋಣ. ಆಕಾಶದಲ್ಲಿ ಸರ್ವೆ ಕಲ್ಲು ನೆಡಲು ಆಗದ್ದರಿಂದ ವಿಮಾನವೇ ಗತಿ. 50 ಬಾತ್ ಇದ್ದ ಕಡೆ ಈಗ ಸಾವಿರಗಳು. ಇಳಿದ ಮೇಲೆ, 2023ರಲ್ಲಿ ತೆರೆದ ಹೊಸ ನಿಲ್ದಾಣದಿಂದ ಊರಿಗೆ ಇನ್ನೂ 40 ಕಿಲೋಮೀಟರಿಗೂ ಹೆಚ್ಚು ದಾರಿ. ಮೇಲೆ ವೀಸಾ ಶುಲ್ಕ, ಅಂಕೋರಿನ ಒಂದು ದಿನದ ಪಾಸಿಗೆ 37 ಡಾಲರ್. ಮನೆಮಂದಿ ಐವರು. ಬ್ಯಾಂಕಾಕಿನ ಅರಮನೆಯ ಆವರಣದಲ್ಲಿ ಅಂಕೋರ್ ವಾಟ್‌ನದೇ ಪುಟ್ಟ ಮಾದರಿಯೊಂದಿದೆ, 19ನೆಯ ಶತಮಾನದಲ್ಲಿ ದೊರೆ ಮೊಂಗ್‌ಕುಟ್ ಅವರು ಖ್ಮೇರ್ ಗುಡಿಯೊಂದನ್ನು ಬಿಚ್ಚಿ ತರಿಸಲು ಹೋಗಿ, ಕೈಗೂಡದೆ, ಮಾದರಿಯಿಂದಲೇ ತೃಪ್ತರಾದರು, ನಾವೂ ಹಾಗೆಯೇ ಮಾಡೋಣ ಎಂದು ನಾನು ಸಲಹೆ ಕೊಟ್ಟೆ. ಭಾವನವರು ಒಪ್ಪಲಿಲ್ಲ.

ಅವರು ನನಗೆ ಒಂದು ಚಿತ್ರ ತೋರಿಸಿದರು. ಅಂಕೋರ್ ವಾಟ್‌ನ ದಕ್ಷಿಣದ ಮೊಗಸಾಲೆಯ ಗೋಡೆಯ ಮೇಲೆ ಎರಡನೆಯ ಸೂರ್ಯವರ್ಮನ ಮೆರವಣಿಗೆ ಕೆತ್ತಿದ್ದಾರೆ. ಅದರಲ್ಲಿ ಒಂದು ತುಕಡಿ ಸಯಾಮಿನ ಸೈನಿಕರದು. ಖ್ಮೇರ್ ಅರಸನ ಪರವಾಗಿ, ಸ್ವಲ್ಪ ಅಡ್ಡಾದಿಡ್ಡಿಯಾಗಿ, ಎಂಟು ಶತಮಾನಗಳಿಂದ ಹೆಜ್ಜೆ ಹಾಕುತ್ತಲೇ ಇದ್ದಾರೆ.

‘ಇವರು ಯಾವ ಗೇಟಿನಿಂದ ಒಳಗೆ ಬಂದರು, ಸ್ವಲ್ಪ ವಿಚಾರಿಸಿ ಹೇಳು’ ಎಂದರು ಭಾವನವರು.