ಸತ್ಯಾಂಶ: ಜಾನ್ ಲೆನ್ನನ್ ದನಿಯನ್ನು ಎಐ ಹುಟ್ಟಿಸಿತಾ?

"1980ರಲ್ಲಿ ತೀರಿಕೊಂಡ ಜಾನ್ ಲೆನ್ನನ್ ಕೈಲಿ ಎಐ ಹೊಸ ಹಾಡು ಹಾಡಿಸಿದೆ!" ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ನಿಜವಲ್ಲ.

ಮಾತು ಲೆನ್ನನ್ ಇದ್ದ ಇಂಗ್ಲೆಂಡಿನ ಸಂಗೀತ ತಂಡ ಬೀಟಲ್ಸ್‌ನ 'ನೌ ಅಂಡ್ ದೆನ್' ಬಗ್ಗೆ. ಹಾಡು ಬಿಡುಗಡೆಯಾಗಿದ್ದು 2023ರ ನವೆಂಬರ್ 2ರಂದು. ಆದರೆ ಅದರಲ್ಲಿರುವುದು ಲೆನ್ನನ್ ಅವರದೇ ದನಿ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಕ್ಯಾಸೆಟ್‌ಗೆ ಹಾಡಿಟ್ಟಿದ್ದರು. 1995ರಲ್ಲಿ ತಂಡದ ಉಳಿದ ಮೂವರು ಅದನ್ನು ಮುಗಿಸಲು ನೋಡಿದರು, ಆಗಲಿಲ್ಲ. ಟೇಪಿನಲ್ಲಿ ಗುಂಯ್‌ಗುಡುವ ಸದ್ದು, ಪಿಯಾನೋ ಅಬ್ಬರದಲ್ಲಿ ದನಿಯೇ ಮುಳುಗಿತ್ತು.

ಮುಂದೆ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಬಂತು. ದನಿ ಯಾವುದು, ವಾದ್ಯ ಯಾವುದು ಎಂದು ಕಲಿತು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಬೇರೆ ಮಾಡಿತು. ಅಷ್ಟೇ. ಹಾಡಿನಲ್ಲಿರುವ, ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ ಗಿಟಾರ್ ಕೂಡ 1995ರದ್ದೇ.

ದನಿಯನ್ನೇ ಹೊಸದಾಗಿ ಕಟ್ಟುವುದು ಬೇರೆ ಕೆಲಸ. 2024ರಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ತಮಿಳು ಗಾಯಕರ ದನಿಯನ್ನು ಎಐನಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿದ್ದಾಗಿ ಹೇಳಿದರು. ನನಗೆ ಕೇಳಿದರೆ, ಚರ್ಚೆ ಆಗಬೇಕಿರುವುದು ಇಂಥದ್ದರ ಬಗ್ಗೆ. ಕ್ಯಾಸೆಟ್ ತೊಳೆದದ್ದಕ್ಕೆ ಸುಮ್ನೆ ಗಾಬರಿ ಯಾಕೆ, ಅಲ್ವಾ?